ನಾಲಗೆಯಡಿಯ ಅರಿಶಿನ

ಬಸ್ಸಿನಲ್ಲಿ ಕೂತರೆ ಕೃಷ್ಣವೇಣಿ ಜನರ ಮುಖ ನೋಡುವುದಿಲ್ಲ, ಕಾಲು ನೋಡುತ್ತಾಳೆ. ಚಟ, ಏನು ಮಾಡುವುದು. ಹಿಂದೂಪುರ ಬಿಟ್ಟು ಸೋಮಂದೇಪಲ್ಲಿ ಬರುವಷ್ಟರಲ್ಲಿ ಎದುರು ಸೀಟಿನ ಮೀಸೆಯವನ ಶೂ ನಕಲಿ, ಕಂಡಕ್ಟರನದು ಹೆಸರಿಲ್ಲದ್ದಾದರೂ ನಿಯತ್ತಿನದು, ಬಾಗಿಲ ಹತ್ತಿರ ನಿಂತ ಕಾಲೇಜು ಹುಡುಗಿಯದು ಗರಿ ಗುರುತಿನದು ನಿಜ, ಆದರೆ ಗರಿಗೆ ಏಳೇ ಎಳೆ, ಅಲ್ಲಿಗೆ ಅದೂ ಡೂಪ್ಲಿಕೇಟು ಎಂದು ಒಳಗೊಳಗೇ ತೀರ್ಪು ಕೊಟ್ಟು ಮುಗಿಸಿದ್ದಳು. ಅಸಲಿ ಗರಿಗೆ ಒಂಬತ್ತು ಎಳೆ. ಕೊನೆಯ ಎರಡು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಉಗುರು ಆಡಿಸಿದರೆ ಮಾತ್ರ ಬೇರೆ ಬೇರೆ ಎಂದು ತಿಳಿಯುತ್ತದೆ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹಿಂದೂಪುರದ ಖಾಸಗಿ ಶಾಲೆಯೊಂದರ ಡ್ರಿಲ್ ಟೀಚರು ಅವಳು. ಮಕ್ಕಳು, ಮಕ್ಕಳ ಅಪ್ಪಂದಿರು, ಕೊನೆಗೆ ಹೆಡ್‌ಮಾಸ್ತರು ಕೂಡ ಆನ್‌ಲೈನಿನಲ್ಲಿ ಶೂ ತರಿಸಿದರೆ ಮೊದಲು ಅವಳ ಮುಂದೆ ಡಬ್ಬಿ ಬಿಚ್ಚುತ್ತಾರೆ. ಮಾರಿದವನು ಕಂಪನಿಯವನೋ ನಡುವೆ ತೂರಿಕೊಂಡ ಇನ್ಯಾವನೋ, ಡಬ್ಬಿಯ ಮೇಲಿನ ನಂಬರಿಗೂ ಶೂವಿನ ನಾಲಗೆಯ ಅಡಿಯ ಚೀಟಿಯ ನಂಬರಿಗೂ ತಾಳೆಯಿದೆಯೋ ಇಲ್ಲವೋ, ಅಂಟಿನ ವಾಸನೆ ಮೂಗಿಗೆ ಹೊಡೆಯುತ್ತದೆಯೋ, ಎಲ್ಲ ನೋಡಿ ಒಂದೇ ಮಾತು ಹೇಳುತ್ತಾಳೆ. ಆ ಮಾತಿಗೆ ಎದುರಿಲ್ಲ. ಮೇಡಂ ಕಣ್ಣು ಅಂದರೆ ಕಣ್ಣು ಎನ್ನುತ್ತಾರೆ. ಆ ಕಣ್ಣಿಗಾಗಿಯೇ ಇವತ್ತು ತಂಗಿ ಹರಿತಾ ಅವಳನ್ನು ಕಲ್ಯಾಣದುರ್ಗಕ್ಕೆ ಕರೆಸಿಕೊಳ್ಳುತ್ತಿದ್ದಳು.

ಹರಿತಾಳ ಮಗಳು ಸ್ನೇಹಲತಾ ಭಾನುವಾರ ಅನಂತಪುರದಲ್ಲಿ ಎಂಟುನೂರು ಮೀಟರ್ ಓಡಬೇಕು. ಮೊದಲ ಮೂವರಲ್ಲಿ ಬಂದರೆ ರಾಜ್ಯಮಟ್ಟಕ್ಕೆ. ಅದಕ್ಕೆಂದೇ ಗರಿ ಶೂ ತರಿಸಿದ್ದರು. ಬಂದು ಏಳು ದಿನ, ವಾಪಸು ಕೊಡುವುದಾದರೆ ಇವತ್ತೇ ಕಡೆ. ಹರಿತಾ ಬುದ್ಧಿವಂತೆ, ಸಂಜೆ ನಾಲ್ಕಕ್ಕೆ ವಾಪಸು ಒಯ್ಯುವವನನ್ನು ಬುಕ್ ಮಾಡಿಟ್ಟು, ನೀನು ಬಂದು ಅಸಲಿ ಅಂದರೆ ಕ್ಯಾನ್ಸಲ್ ಮಾಡುತ್ತೇನೆ, ನಕಲಿ ಅಂದರೆ ಕೊಟ್ಟುಕಳಿಸಿ ಅನಂತಪುರದ ಅಂಗಡಿಯಲ್ಲೇ ಬೇರೆ ಕೊಡಿಸುತ್ತೇನೆ ಎಂದಿದ್ದಳು. ಫೋಟೋ ಕಳಿಸಿದರೆ ಸಾಕಿತ್ತು. ಕಳಿಸಿಯೂ ಇದ್ದಳು, ವೀಡಿಯೋ ಸಮೇತ. ಅದನ್ನು ನೋಡಿದ ಮೊದಲ ದಿನವೇ ಕೃಷ್ಣವೇಣಿಗೆ ಗೊತ್ತಾಗಿಹೋಗಿತ್ತು, ಅಪ್ಪಟ ಅಸಲಿ ಎಂದು. ಆದರೂ ಕೈಯಲ್ಲಿ ಹಿಡಿದು ನೋಡದೆ ಹೇಳಕ್ಕಾಗಲ್ಲ ಎಂದು ಒಂದು ವಾರ ಎಳೆದಿದ್ದಳು. ಯಾಕೆ ಎಳೆದೆ? ಪೆನುಕೊಂಡದ ಬೆಟ್ಟ ಕಿಟಕಿಯಲ್ಲಿ ಬಂದು ನಿಂತಾಗಲೂ ಅದನ್ನೇ ಕೇಳಿಕೊಳ್ಳುತ್ತಿದ್ದಳು. ಹೊಟ್ಟೆಕಿಚ್ಚು, ಇನ್ನೇನು. ಥೂ, ಹದಿನಾಲ್ಕು ವರ್ಷದ ಹುಡುಗಿಯ ಮೇಲೆ, ಅದೂ ಸ್ವಂತ ತಂಗಿಯ ಮಗಳ ಮೇಲೆ. ಹುಡುಗಿ ಎರಡು ನಿಮಿಷ ಇಪ್ಪತ್ತೇಳು ಸೆಕೆಂಡಿಗೆ ಮುಗಿಸುತ್ತಾಳಂತೆ. ಆ ವಯಸ್ಸಿನಲ್ಲಿ ಇವಳದು ಎರಡು ಮೂವತ್ತಮೂರು. ಆರು ಸೆಕೆಂಡು. ಬಸ್ಸಿನ ಕಂಬಿ ಹಿಡಿದುಕೊಂಡು ಮನಸ್ಸಿನಲ್ಲೇ ಆರು ಎಣಿಸಿದಳು. ಬಹಳ ಹೊತ್ತು ಹಿಡಿಯಿತು.

ವೀಡಿಯೋ ಮತ್ತೆ ಹಚ್ಚಿದಳು. ಪಾರ್ಸಲ್ ಬಿಚ್ಚುವಾಗ ವೀಡಿಯೋ ತೆಗೆಯಿರಿ, ಒಳಗೆ ಇಟ್ಟಿಗೆ ಬಂದರೂ ಸಾಕ್ಷಿ ಇರುತ್ತದೆ ಎಂದು ಕಲಿಸಿದವಳು ತಾನೇ. ಸ್ನೇಹಲತಾಳ ಉದ್ದ ಬೆರಳುಗಳು ಡಬ್ಬಿ ಬಿಚ್ಚುತ್ತವೆ, ಬಿಳಿ ಕಾಗದ ಸರಿಯುತ್ತದೆ, ಬಿಳಿ ಬಲೆಬಟ್ಟೆಯ ಶೂ, ಪಕ್ಕಕ್ಕೆ ನೀಲಿ ಗರಿ. ಅವ್ವಾ ಇಲ್ಲಿ ಬಾ, ಚೂಡು, ನೋಡು ಎಂದು ಹುಡುಗಿ ತೆಲುಗು ಕನ್ನಡ ಕಲಸಿ ಅಜ್ಜಿಯನ್ನು ಕರೆಯುತ್ತಾಳೆ. ಒಂದು ಮುದಿ ಕೈ, ಸವೆದ ತಾಮ್ರದ ಬಳೆ, ಮೂಲೆಯಿಂದ ಒಳಗೆ ಬರುತ್ತದೆ. ಅಲ್ಲಿಗೆ ವೀಡಿಯೋ ಮುಗಿಯುತ್ತದೆ. ಅದು ಅಮ್ಮನ ಕೈ. ಅಪ್ಪ ಹೋದ ಮೇಲೆ ಪರಿಗಿಯ ಮನೆಗೆ ಬೀಗ ಹಾಕಿ ಬೀರಕ್ಕ ಕಿರಿ ಮಗಳ ಮನೆ ಸೇರಿದ್ದಳು. ಹಿಂದೂಪುರ ಪರಿಗಿಗೆ ಹತ್ತಿರ, ಆದರೂ ದೂರದ ಕಲ್ಯಾಣದುರ್ಗಕ್ಕೆ ಹೋದಳು. ಯಾಕಮ್ಮ ಎಂದರೆ, ಅಲ್ಲಿ ಹುಡುಗಿ ಓಡ್ತಾಳೆ, ಬೆಳಿಗ್ಗೆ ಎದ್ದು ನೋಡ್ಕೊಳ್ಳೋರು ಬೇಕು ಕಣಮ್ಮ ಎಂದಿದ್ದಳು. ಆ ಮಾತು ಇವತ್ತಿಗೂ ಗಂಟಲಲ್ಲಿ ಮುಳ್ಳಾಗಿ ಕೂತಿದೆ. ನಾನೂ ಓಡುತ್ತಿದ್ದೆನಲ್ಲಮ್ಮ. ಪರಿಗಿಯ ಕೆರೆ ಏರಿಯ ಮೇಲೆ, ಕತ್ತಲು ಹರಿಯುವ ಮೊದಲು, ಬರಿಗಾಲಲ್ಲಿ. ಒಂದು ದಿನವಾದರೂ ಎದ್ದು ನೋಡಿದೆಯಾ? ಚಡ್ಡಿ ಹಾಕ್ಕೊಂಡು ಓಡೋ ಹೆಣ್ಣನ್ನ ಯಾವನು ಕಟ್ಕೊತಾನೆ, ಓಡಿ ಏನು ಕಡಿದು ಕಟ್ಟೆ ಹಾಕ್ಬೇಕಾಗೈತೆ ಎಂದೆ ನೀನು. ಅಪ್ಪ ಎರ್ರಪ್ಪ ಮಾತ್ರ ಯಾರಿಗೂ ಹೇಳದೆ ಹಿಂದೂಪುರದ ಸಂತೆಯಿಂದ ಒಂದು ಜೊತೆ ಗರಿ ಶೂ ತಂದಿದ್ದ. ಗರಿಗೆ ಎಷ್ಟು ಎಳೆ ಎಂದು ಆಗ ಯಾರು ಎಣಿಸಿದ್ದರು. ಅನಂತಪುರದ ಮೈದಾನದಲ್ಲಿ ಎರಡನೇ ಸುತ್ತಿನ ತಿರುವಿನಲ್ಲಿ ಬಲಗಾಲಿನ ಅಟ್ಟೆ ಬಾಯಿ ಬಿಟ್ಟಿತು, ಪಟಪಟ ಎಂದು ನೆಲಕ್ಕೆ ಬಡಿಯಿತು, ಜನ ನಕ್ಕರು. ಮೂರನೆಯವಳಾಗಿ ಓಡುತ್ತಿದ್ದವಳು ನಾಲ್ಕನೆಯವಳಾದಳು. ಊರಿಗೆ ಬಂದಾಗ ಅಮ್ಮ ಆ ಶೂ ಎತ್ತಿ ನೋಡಿ, ಪೀಡೆ ತೊಲಗ್ತು ಅಂದಳು. ಕಂಡಕ್ಟರು ಯಾರನ್ನೋ ಮುಂದಕ್ಕೆ ಸರಿಯಿರಿ ಎಂದು ಬೈಯುತ್ತಿದ್ದ. ಕೃಷ್ಣವೇಣಿ ತನ್ನನ್ನೇ ಎಂದುಕೊಂಡು ಕಾಲು ಹಿಂದಕ್ಕೆ ಎಳೆದುಕೊಂಡಳು.

ಹರಿತಾ ಬಾಗಿಲಲ್ಲೇ ಕೈ ಹಿಡಿದು ಒಳಗೆ ಕರೆದಳು. ಗಂಡ ರವಿತೇಜ ಜೆರಾಕ್ಸ್ ಅಂಗಡಿಗೆ ಹೋಗಿದ್ದಾನೆ ಎಂದಳು. ಅಕ್ಕ ಬಂದಳು ಎಂಬ ಸಂತೋಷ ಅವಳ ಮುಖದಲ್ಲಿ ಢಾಳಾಗಿ ಕಾಣುತ್ತಿತ್ತು, ಅದನ್ನು ಕಂಡು ಕೃಷ್ಣವೇಣಿಗೆ ಇನ್ನಷ್ಟು ಸಂಕಟವಾಯಿತು. ಹೊಸಿಲಾಚೆ ತನ್ನ ಹಳೆಯ ಶೂ ಬಿಟ್ಟಳು. ಅದೂ ಅಸಲಿಯೇ, ಆದರೆ ಹಿಂದೂಪುರದ ಡಾಕ್ಟರೊಬ್ಬರ ಮಗಳು ಹಾಕಿ ಬಿಟ್ಟಿದ್ದು. ಟೀಚರಮ್ಮ, ನಿಮ್ಮ ಅಳತೆಯೇ ಅಲ್ಲವಾ ಎಂದು ಡಾಕ್ಟರೇ ಕೊಟ್ಟಿದ್ದರು. ಹರಿತಾಳ ಮನೆಯ ಹೊಸಿಲಲ್ಲಿದ್ದ ಚಪ್ಪಲಿಗಳ ಸಾಲಿನಲ್ಲಿ ಎಲ್ಲಕ್ಕಿಂತ ಸವೆದದ್ದು ಅದೇ ಎಂಬುದು ಅವಳ ಕಣ್ಣಿಗೆ ಬೀಳದೆ ಇರಲಿಲ್ಲ. ಸ್ನೇಹಲತಾ ಒಳಗಿನಿಂದ ಬಂದು ಪೆದ್ದಮ್ಮಾ ಎಂದು ತಬ್ಬಿಕೊಂಡಳು. ದೊಡ್ಡಮ್ಮ ಅನ್ನು ಎಂದು ಎಷ್ಟು ಸಲ ಹೇಳಿದರೂ ಅಷ್ಟೇ. ಇಸ್ಕೂಲು, ಗೆಳತಿಯರು, ಟಿವಿ ಎಲ್ಲ ತೆಲುಗು. ಅವ್ವನ ಜೊತೆ ಆಡುವ ನಾಲ್ಕು ಕನ್ನಡ ಮಾತಿನಲ್ಲಿ ಎರಡು ಜಾರಿ ಬೀಳುತ್ತವೆ. ಹುಡುಗಿ ಇನ್ನೂ ಉದ್ದವಾಗಿದ್ದಳು. ಮೊಣಕಾಲಿನಿಂದ ಕೆಳಗೆ ಅದೇ ಕಾಲು, ತನ್ನದೇ ಕಾಲು, ಎಡಗಾಲಿನ ಹೆಬ್ಬೆರಳು ಸ್ವಲ್ಪ ಒಳಕ್ಕೆ ತಿರುಗಿದ್ದು ಸಮೇತ. ಯಾರದೋ ಮನೆಗೆ ಹೋದಾಗ ಕಳೆದುಹೋದ ತನ್ನ ಪಾತ್ರೆ ಅಲ್ಲಿನ ಗೂಡಿನಲ್ಲಿ ಕಂಡರೆ ಆಗುತ್ತದಲ್ಲ, ಹಾಗಾಯಿತು. ಬೀರಕ್ಕ ಒಲೆಯ ಹತ್ತಿರದಿಂದಲೇ ಬಂದ್ಯಾ ಕಣಮ್ಮ, ಬಿಸ್ಲು ಜಾಸ್ತಿ ಇತ್ತೇನೋ ಎಂದು ಕೇಳಿ, ಉತ್ತರಕ್ಕೆ ಕಾಯದೆ ಮೊಮ್ಮಗಳ ರಾಗಿ ಗಂಜಿಗೆ ಮಜ್ಜಿಗೆ ಹಾಕತೊಡಗಿದಳು.

ಡಬ್ಬಿ ತಂದು ಮಡಿಲಿಗಿಟ್ಟರು. ತಾಯಿ ಮಗಳು ಎದುರಿಗೆ ಚಕ್ಕಂಬಕ್ಕಳ ಹಾಕಿ ಕೂತರು, ಜಾತಕ ತೋರಿಸುವವರು ಕೂರುವಂತೆ. ಕೃಷ್ಣವೇಣಿ ಎಡಗಾಲಿನದನ್ನು ಎತ್ತಿದಳು. ಅಬ್ಬಾ, ತೂಕವೇ ಇಲ್ಲ. ಗರಿಯ ಮೇಲೆ ಉಗುರು ಆಡಿಸಿದಳು, ಒಂಬತ್ತು. ಮೂಗಿನ ಹತ್ತಿರ ಹಿಡಿದಳು, ಅಂಟಿನ ನಾತವಿಲ್ಲ. ಹೇಳಿಬಿಡು, ಅಸಲಿ ಅನ್ನು, ಮೂರು ಅಕ್ಷರ, ಎಂದು ಒಳಗೆ ಯಾರೋ ಹೇಳುತ್ತಿದ್ದರು, ಹೇಳುವವಳೂ ಇದ್ದಳು. ಬಾಯಿ ತೆರೆದದ್ದೂ ಆಗಿತ್ತು. ಕಡೆಯದಾಗಿ ನಂಬರು ತಾಳೆ ನೋಡಲೆಂದು ಲೇಸು ಸಡಿಲಿಸಿ, ಶೂವಿನ ನಾಲಗೆಯನ್ನು ಮೇಲಕ್ಕೆತ್ತಿದಳು. ಚೀಟಿಯ ಪಕ್ಕದಲ್ಲಿ, ಬಿಳಿ ಬಟ್ಟೆಯ ಮೇಲೆ, ಒಂದು ಹೆಬ್ಬೆಟ್ಟಿನಷ್ಟು ಅರಿಶಿನ. ಹೊಸ ಬಟ್ಟೆಯ ಅಂಚಿಗೆ ಹಚ್ಚುತ್ತಾರಲ್ಲ, ಹಾಗೆ. ಬಲಗಾಲಿನದರಲ್ಲೂ ಇತ್ತು. ಯಾರಿಗೂ ಕಾಣದ ಹಾಗೆ, ನಾಲಗೆಯಡಿಯಲ್ಲಿ, ಭಕ್ತಿಯಿಂದ ಒತ್ತಿದ ಬೊಟ್ಟು. ಆ ಹೆಬ್ಬೆಟ್ಟು ಯಾರದೆಂದು ಅವಳು ಎಣಿಸಬೇಕಾಗಿರಲಿಲ್ಲ. ಪೀಡೆ ತೊಲಗ್ತು ಅಂದಿದ್ದಳಲ್ಲ. ಅದೇ ಕೈ. ಅದೇ ತಾಮ್ರದ ಬಳೆಯ ಕೈ. ಬಿಳಿ ಬಲೆಬಟ್ಟೆಗೆ ಹತ್ತಿದ ಅರಿಶಿನ ಜನ್ಮದಲ್ಲಿ ಹೋಗುವುದಿಲ್ಲ, ಕಲೆಯಾದ ಮಾಲನ್ನು ಯಾವ ಕಂಪನಿಯೂ ವಾಪಸು ತೆಗೆದುಕೊಳ್ಳುವುದಿಲ್ಲ ಎಂಬುದೂ ಆ ಕ್ಷಣವೇ ಹೊಳೆಯಿತು. ನಾಲಗೆಯನ್ನು ಮೆಲ್ಲಗೆ ಕೆಳಗಿಳಿಸಿ ಲೇಸು ಬಿಗಿದಳು.

"ಹಿಮ್ಮಡಿ ಹತ್ರ ಹೊಲಿಗೆ ನೋಡೇ," ಎಂದಳು. "ಎಡಗಡೆ ಹನ್ನೊಂದು, ಬಲಗಡೆ ಹನ್ನೆರಡು."

ಹರಿತಾ ಬಾಗಿ ಎಣಿಸಿದಳು. ಸ್ನೇಹಲತಾ ಎಣಿಸಿದಳು. ಹೌದು, ಹನ್ನೊಂದು, ಹನ್ನೆರಡು. ಅಸಲಿಯಲ್ಲೂ ಒಂದು ಹೊಲಿಗೆ ಹೆಚ್ಚುಕಮ್ಮಿ ಬರುತ್ತದೆ, ಅದೇನೂ ಲೆಕ್ಕಕ್ಕಿಲ್ಲ ಎಂದು ಕೃಷ್ಣವೇಣಿಗೆ ಚೆನ್ನಾಗಿ ಗೊತ್ತಿತ್ತು. ಸುಳ್ಳು ಎಂಬ ಸುಳ್ಳೇನೂ ಅವಳು ಹೇಳಲಿಲ್ಲ. ಹಂಗಾದ್ರೆ ಡೂಪ್ಲಿಕೇಟಾ ಅಕ್ಕ ಎಂದು ಹರಿತಾ ಕೇಳಿದಾಗ ಸುಮ್ಮನೆ ತುಟಿ ಓರೆ ಮಾಡಿದಳು, ಅಷ್ಟೇ. ಅಷ್ಟು ಸಾಕಾಯಿತು. ಹರಿತಾ ನಿಟ್ಟುಸಿರು ಬಿಟ್ಟು, ಪುಣ್ಯಕ್ಕೆ ನೀನು ಬಂದೆ, ಇಲ್ಲದಿದ್ದರೆ ಟೋಪಿ ಬೀಳುತ್ತಿತ್ತು ಎಂದು ಅವಳ ಮಂಡಿ ಸವರಿದಳು. ಸ್ನೇಹಲತಾ ಬಿಳಿ ಕಾಗದವನ್ನು ಮೊದಲಿನ ಮಡಿಕೆಯಲ್ಲೇ ಮಡಿಸಿ, ಶೂಗಳನ್ನು ತಲೆಕೆಳಗಾಗಿ ಒಂದರ ಪಕ್ಕ ಒಂದು ಮಲಗಿಸಿ ಮುಚ್ಚಳ ಹಾಕಿದಳು. ಏಳು ದಿನ ಅವಳು ಅದನ್ನು ಒಮ್ಮೆಯೂ ಕಾಲಿಗೆ ಹಾಕಿರಲಿಲ್ಲವಂತೆ, ದಿನಾ ಮಲಗುವ ಮುಂಚೆ ಬಿಚ್ಚಿ ನೋಡಿ ಇಡುತ್ತಿದ್ದಳಂತೆ. ಹರಿತಾ ನಗುತ್ತ ಇದನ್ನು ಹೇಳಿದಳು. ಕೃಷ್ಣವೇಣಿಯೂ ನಕ್ಕಳು. ಒಳಗೆ ಒಂದು ಸಣ್ಣ ತಂಪು ಹಾದುಹೋಯಿತು, ಅದನ್ನು ಅಲ್ಲಗಳೆಯುವಂತಿಲ್ಲ. ಬಿಸಿಲಿನಲ್ಲಿ ನಡೆದು ಬಂದವರಿಗೆ ಒಂದು ಲೋಟ ನೀರು ಸಿಕ್ಕಂತೆ. ಸಂಗಟಿ ಮುದ್ದೆ, ಹುರುಳಿಕಾಳಿನ ಸಾರು ಬಡಿಸಿದರು. ಎರಡು ತುತ್ತಿನ ಮೇಲೆ ಇಳಿಯಲಿಲ್ಲ. ಯಾಕಮ್ಮ ತಿನ್ನಲ್ಲ, ಹುಷಾರಿಲ್ವಾ ಎಂದು ಅಮ್ಮ, ಇವಳು ಬಂದ ಮೇಲೆ ಮೊದಲ ಸಲ, ಮುಖ ನೋಡಿ ಕೇಳಿದಳು. ಬಸ್ಸಿನ ಸುಸ್ತು ಎಂದಳು.

ನಾಲ್ಕಕ್ಕೆ ವಾಪಸು ಒಯ್ಯುವವನು ಬಂದ. ನಲವತ್ತರ ಮೇಲಿನ ಆಸಾಮಿ, ಕನ್ನಡಕ ಹಾಕಿಕೊಂಡು ಹೊಸಿಲಲ್ಲೇ ಕುಕ್ಕರಗಾಲಲ್ಲಿ ಕೂತು ಡಬ್ಬಿ ಬಿಚ್ಚಿದ. ಕೃಷ್ಣವೇಣಿ ಗೋಡೆಗೆ ಒರಗಿ ನಿಂತಿದ್ದಳು. ಈಗಲಾದರೂ ಹೇಳಬಹುದಿತ್ತು. ಅವನು ಅಟ್ಟೆ ನೋಡಿದ, ಚೀಟಿ ಎಲ್ಲಿ ಎಂದ, ನಾಲಗೆ ಎತ್ತಿದ. ಇದೇಂದಮ್ಮಾ, ಪಸುಪು ಎಂದು ತೆಲುಗಿನಲ್ಲಿ ಅರಿಶಿನ ತೋರಿಸಿ, ಇದು ವಾಡಿದ ಮಾಲು, ಬಳಸಿದ್ದು, ತಗೊಳ್ಳಕ್ಕಾಗಲ್ಲ ಎಂದು ಫೋನಿನಲ್ಲಿ ಏನೋ ಒತ್ತಿ ಎದ್ದೇಬಿಟ್ಟ. ಹರಿತಾ ಬೇಡಿಕೊಂಡಳು, ಒರೆಸಿ ಕೊಡುತ್ತೇವೆ ಎಂದಳು. ಅವನು ಹೊರಟುಹೋದ. ಅವನ ಬೈಕಿನ ಸದ್ದು ತಿರುವಿನಲ್ಲಿ ಅಡಗುವ ಮೊದಲೇ ಹರಿತಾ ಅಮ್ಮನ ಮೇಲೆ ಹರಿಹಾಯ್ದಳು. ಕಾಲಿಗೆ ಹಾಕುವುದಕ್ಕೆ ಅರಿಶಿನ ಹಚ್ಚುತ್ತಾರೇನೇ, ಬುದ್ಧಿ ಬೇಡವಾ, ಈಗ ಈ ಡೂಪ್ಲಿಕೇಟನ್ನು ತಲೆ ಮೇಲೆ ಹೊತ್ತುಕೊಂಡು ತಿರುಗಲಾ, ಇನ್ನೊಂದು ಜೊತೆ ಎಲ್ಲಿಂದ ತರಲಿ, ಭಾನುವಾರಕ್ಕೆ ಇವಳು ಆ ಹರಕಲು ಕ್ಯಾನ್ವಾಸನ್ನೇ ಹಾಕಬೇಕು ಎಂದು ಕೂಗಾಡಿದಳು. ಬೀರಕ್ಕ ಸೆರಗಿನ ತುದಿ ಬೆರಳಿಗೆ ಸುತ್ತುತ್ತ ನಿಂತಿದ್ದಳು.

"ಬಂಡೀಗೆ ಹಚ್ಚಲ್ವಾ, ಟ್ರಾಕ್ಟ್ರಿಗೆ ಹಚ್ಚಲ್ವಾ," ಎಂದಳು. "ಇದೂ ಓಡೋದೇ ಅಲ್ವೇನಮ್ಮ ಅಂತ ಹಚ್ಬುಟ್ಟೆ. ನಮ್ ಕಿಟ್ಟಮ್ಮಂಗೆ ಹಚ್ಚಿರ್ಲಿಲ್ಲ, ಅವತ್ತು ಅರ್ಧದಾಗೆ ಕಿತ್ಕೊಂಡೋಯ್ತು."

ಕಿಟ್ಟಮ್ಮ ಅಂದರೆ ಕೃಷ್ಣವೇಣಿ. ಇಪ್ಪತ್ತು ವರ್ಷದಿಂದ ಯಾರೂ ಕರೆಯದ ಹೆಸರು. ಅವಳಿಗೆ ಗೋಡೆ ಜರುಗಿದಂತಾಯಿತು. ಅಮ್ಮನಿಗೆ ಅದು ನೆನಪಿತ್ತೇ? ಅಟ್ಟೆ ಬಾಯಿಬಿಟ್ಟದ್ದು, ನಾಲ್ಕನೆಯವಳಾದದ್ದು, ಎಲ್ಲವನ್ನೂ ಇಷ್ಟು ವರ್ಷ ಒಳಗಿಟ್ಟುಕೊಂಡು, ಈ ಹೆಬ್ಬೆಟ್ಟಿನಲ್ಲಿ ಒತ್ತಿದಳೇ? ಇಟ್ಟುಕೊಂಡವಳು ನನಗೆ ಒಂದು ಮಾತು ಹೇಳಬಾರದಿತ್ತೇ? ಒಂದೇ ಒಂದು ಮಾತು? ಅಳು ಬಂತು, ಅದರ ಬೆನ್ನಿಗೇ ಸಿಟ್ಟು ಬಂತು: ನನ್ನ ನೋವಿನ ಅರಿಶಿನವೂ ಇವಳ ಶೂವಿಗೇ ಹೋಯಿತಲ್ಲ.

ಯಾರದೋ ಕೆಟ್ಟ ಕಣ್ಣು ಬಿದ್ದೈತೆ ಎಂದು ಬೀರಕ್ಕ ತೀರ್ಮಾನ ಮಾಡಿದಳು. ಸಂಜೆ ದೀಪ ಹಚ್ಚುವ ಹೊತ್ತು. ಸ್ನೇಹಲತಾಳನ್ನು ಹೊಸಿಲಿನ ಒಳಗೆ ಪೂರ್ವಕ್ಕೆ ಮುಖ ಮಾಡಿ ಕೂರಿಸಿದಳು. ಉಪ್ಪು, ಒಣ ಮೆಣಸಿನಕಾಯಿ, ಪೊರಕೆಕಡ್ಡಿ ತಂದಳು. ದಿಷ್ಟಿ ತೆಗೆಯಲು ಹಳೇ ಕೆರ ಬೇಕು. ಹೊಸಿಲಾಚೆ ಸಾಲಿನಲ್ಲಿ ಕಣ್ಣಾಡಿಸಿ ಎಲ್ಲಕ್ಕಿಂತ ಸವೆದದ್ದನ್ನು ಎತ್ತಿಕೊಂಡಳು. ಕೃಷ್ಣವೇಣಿಯ ಬಲಗಾಲಿನ ಶೂ. ಅದು ಯಾರದೆಂದು ನೋಡಲೂ ಇಲ್ಲ. ಮೂಟೆಯಂತೆ ಕೂತಿದ್ದ ಹುಡುಗಿಯ ತಲೆಯಿಂದ ಪಾದದವರೆಗೆ ಇಳಿ ತೆಗೆಯುತ್ತ ಶುರು ಮಾಡಿದಳು: "ಇರುಗು ದಿಷ್ಟಿ, ಪೊರುಗು ದಿಷ್ಟಿ, ನಾಯಿ ಕಣ್ಣು, ನರಿ ಕಣ್ಣು, ಬಂದೋರ್ ಕಣ್ಣು, ಹೋದೋರ್ ಕಣ್ಣು, ಹೆತ್ತೋಳ್ ಕಣ್ಣು, ದೊಡ್ಡಮ್ಮನ್ ಕಣ್ಣು, ಅವ್ವನ್ ಕಣ್ಣು, ಎಲ್ಲಾ ಸುಟ್ಟೋಗ್ಲಿ." ಒಂದೇ ಉಸಿರು. ದೊಡ್ಡಮ್ಮ ಎಂಬಲ್ಲಿ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಎಲ್ಲರ ಮನೆಯಲ್ಲೂ ಹೀಗೇ ಹೇಳುತ್ತಾರೆ, ನೆಂಟರ ಸಾಲಿನಲ್ಲಿ ಯಾರನ್ನೂ ಬಿಡುವುದಿಲ್ಲ. ಆದರೂ ಕೃಷ್ಣವೇಣಿಯ ಕಿವಿ ಕಾದ ಕಬ್ಬಿಣವಾಯಿತು. ಅಮ್ಮ ಮೂರು ಸಲ ಶೂವನ್ನು ನೆಲಕ್ಕೆ ಬಡಿದು, ಥೂ ಥೂ ಎಂದು ಉಗಿದು, ಎಲ್ಲವನ್ನೂ ಮಡಿಲಲ್ಲಿ ಕಟ್ಟಿಕೊಂಡು ಬೀದಿಗೆ ಇಳಿದಳು. ಮೂರು ದಾರಿ ಕೂಡುವಲ್ಲಿ ಎಸೆದು, ಹಿಂದಕ್ಕೆ ನೋಡದೆ ಬಂದು, ಕಾಲು ತೊಳೆದುಕೊಂಡಳು.

ಆಗ ಹರಿತಾ ನೋಡಿದ್ದು: ಹೊಸಿಲಲ್ಲಿ ಅಕ್ಕನ ಎಡಗಾಲಿನದೊಂದೇ ಉಳಿದಿತ್ತು. ಅಯ್ಯೋ ಅಮ್ಮಾ, ಅಕ್ಕಂದನ್ನ ಎಸೆದುಬಂದ್ಯಾ ಎಂದು ಹಣೆ ಬಡಿದುಕೊಂಡಳು. ದಿಷ್ಟಿ ತೆಗೆದದ್ದನ್ನು ಮತ್ತೆ ಎತ್ತಿಕೊಳ್ಳುವಂತಿಲ್ಲ. ಹಿಂದೂಪುರದ ಕಡೆಯ ಬಸ್ಸಿಗೆ ಅರ್ಧ ಗಂಟೆ. ಹರಿತಾ ಒಂದು ಕ್ಷಣ ಯೋಚಿಸಿ ಡಬ್ಬಿ ತಂದಳು. ನಿನ್ನದೂ ಐದನೇ ನಂಬರು, ಹೆಂಗೂ ವಾಪಸು ಹೋಗುವುದಿಲ್ಲ, ಡೂಪ್ಲಿಕೇಟಾದರೂ ನಡೆಯುವುದಕ್ಕೆ ಏನು, ಶಾಲೆಗೆ ಹಾಕಿಕೋ ಎಂದಳು.

"ಹರಿತಾ, ಇದು ಒರಿಜಿನಲ್ಲು ಕಣೇ," ಎಂದಳು ಕೃಷ್ಣವೇಣಿ. "ಗರಿ ಎಣಿಸಿ ನೋಡು. ಒಂಬತ್ತು ಐತೆ. ಇದನ್ನೇ ಹಾಕ್ಕೊಂಡು ಓಡ್ಲಿ."

ಹರಿತಾ ಅವಳನ್ನು ನೋಡಿದಳು. ಹಂಗಾದರೆ ಬೆಳಿಗ್ಗೆ ಯಾಕೆ ಹಂಗಂದೆ ಎಂದು ಕೇಳಿದಳು, ಸಿಟ್ಟಿನಿಂದಲ್ಲ. ನಿಜ ಹೇಳಲು ಅಲ್ಲಿತ್ತು ಬಾಗಿಲು. ಒಂದು ಹೆಜ್ಜೆ. ಸರಿಯಾಗಿ ನೋಡಿರಲಿಲ್ಲ ಎಂದುಬಿಟ್ಟಳು ಕೃಷ್ಣವೇಣಿ. ಹೊಲಿಗೆ ಎಣಿಸುವವಳು ಗರಿ ನೋಡಲಿಲ್ಲ ಎಂದರೆ ಯಾರು ನಂಬುತ್ತಾರೆ. ಹರಿತಾಳ ಕಣ್ಣು ತುಂಬಿ ಬಂತು. ನಮ್ಮ ಸಮಾಧಾನಕ್ಕೆ ಹೇಳುತ್ತೀಯ, ಅಮ್ಮನ್ನ ನಾನು ಬೈದೆ ಅಂತ ಹೇಳುತ್ತೀಯ, ನಿನ್ನ ಮನಸ್ಸು ದೊಡ್ಡದು ಬಿಡಕ್ಕ, ಎಂದಳು. ಸ್ನೇಹಲತಾ ಮಂಡಿಯೂರಿ ಕೂತು ಪೆದ್ದಮ್ಮನ ಕಾಲಿಗೆ ತಾನೇ ಶೂ ತೊಡಿಸಿದಳು, ನಾಲಗೆ ಮಡಚಿಕೊಳ್ಳದಂತೆ ನೇರ ಮಾಡಿ ಲೇಸು ಕಟ್ಟಿದಳು. ಬಿಗಿಯಾಯಿತಾ ಎಂದು ಕೇಳಿದಳು. ಇಲ್ಲ, ಸರಿಯಾಗೈತೆ ಎಂದಳು. ಹೇಳಿ ಮಾಡಿಸಿದಂತೆ ಇತ್ತು.

ಬಸ್‌ಸ್ಟ್ಯಾಂಡಿನವರೆಗೆ ಹುಡುಗಿ ಚೀಲ ಹಿಡಿದುಕೊಂಡು ಜೊತೆಗೆ ಬಂದಳು, ರಬ್ಬರ್ ಚಪ್ಪಲಿಯಲ್ಲಿ. ಮೂರು ದಾರಿ ಕೂಡುವಲ್ಲಿ ಹಳೇ ಶೂ ಬೋರಲಾಗಿ ಬಿದ್ದಿತ್ತು, ಸುತ್ತ ಉಪ್ಪು ಚೆಲ್ಲಿತ್ತು. ಇಬ್ಬರೂ ಅದನ್ನು ನೋಡದೆ ಬಳಸಿಕೊಂಡು ಹೋದರು. ಹೊಸ ಶೂ ನೆಲದಿಂದ ಅವಳನ್ನು ಒಂದಿಷ್ಟು ಮೇಲಕ್ಕೆತ್ತಿ ಹಿಡಿದಿತ್ತು. ಇದನ್ನು ಇಟ್ಟುಕೊಳ್ಳಬಹುದು, ಯಾರೂ ಕೇಳುವುದಿಲ್ಲ ಎಂಬ ಆಸೆ ಒಂದು ಗಳಿಗೆ ಬಂದದ್ದೂ ಸುಳ್ಳಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಳು. ಹುಡುಗಿ ಕೆಳಗೆ ನಿಂತಿದ್ದಳು. ಡ್ರೈವರು ಇಂಜಿನು ಹಚ್ಚಿದ, ಕಿಟಕಿಯ ಗಾಜುಗಳೆಲ್ಲ ಗಡಗಡ ಅಲುಗತೊಡಗಿದವು. ಕೃಷ್ಣವೇಣಿ ತಲೆ ಹೊರಗೆ ಹಾಕಿದಳು.

"ಸ್ನೇಹಾ, ಅದು ಒರಿಜಿನಲ್ಲೇ ಕಣೇ. ನಿನ್ ಮೇಲೆ ಹೊಟ್ಟೆಕಿಚ್ಚಿಗೆ ಹಂಗಂದ್ಬುಟ್ಟೆ."

ಹುಡುಗಿ ಕಿವಿಗೆ ಕೈ ಹಿಡಿದು ಏನು ಎಂದಳು. ಹೊಟ್ಟೆಕಿಚ್ಚು ಎಂದು ಇವಳು ಇನ್ನೂ ಜೋರಾಗಿ ಹೇಳಿದಳು, ಪಕ್ಕದ ಸೀಟಿನವರು ತಿರುಗಿ ನೋಡುವಷ್ಟು. ಸ್ನೇಹಲತಾಳ ಮುಖ ಗಾಬರಿಯಾಯಿತು.

"ಹೊಟ್ಟೆ ಉರೀತಾ ಐತಾ ಪೆದ್ದಮ್ಮ? ಕಡುಪುಲೋ ಮಂಟಾ? ಮಧ್ಯಾಹ್ನ ನೀನು ಏನೂ ತಿನ್ಲೇ ಇಲ್ಲ. ಇರು, ಸೋಡಾ ತತ್ತೀನಿ."

ಹೇಳಿದವಳೇ ಚೀಲವನ್ನು ಕಿಟಕಿಯಲ್ಲಿ ತೂರಿಸಿ ಓಡಿದಳು. ನಿಲ್ದಾಣದ ಆ ತುದಿಯಲ್ಲಿ ಸೋಡಾ ಅಂಗಡಿ. ನಾಲ್ಕು ಹೆಜ್ಜೆಗೆ ಚಪ್ಪಲಿ ಅಡ್ಡ ಬಂತು, ಅಲ್ಲೇ ಬಿಟ್ಟು ಬರಿಗಾಲಲ್ಲಿ ಓಡಿದಳು. ಸೊಂಟ ಅಲುಗುವುದಿಲ್ಲ, ಹಿಮ್ಮಡಿ ನೆಲ ಮುಟ್ಟುವುದಿಲ್ಲ, ಎಡಗಾಲಿನ ಹೆಬ್ಬೆರಳು ಒಳಕ್ಕೆ ತಿರುಗಿದ್ದು ಮಾತ್ರ ಹಾಗೇ. ಕೃಷ್ಣವೇಣಿಯ ಕಣ್ಣು ಮೋಸ ಹೋಗುವ ಕಣ್ಣಲ್ಲ. ಎಲ್ಲಿಯಾದರೂ ಒಂದು ಹೊಲಿಗೆ ಬಿಟ್ಟಿದೆಯೇ ಎಂದು ಹುಡುಕಿತು, ಸಿಗಲಿಲ್ಲ. ಅವಳು ಬಗ್ಗಿ ಲೇಸು ಬಿಚ್ಚಿದಳು. ಬಸ್ಸು ಹಿಂದಕ್ಕೆ ಸರಿದು ತಿರುಗುವಾಗ ಹುಡುಗಿ ಸೋಡಾ ಶೀಸೆ ಹಿಡಿದು ಕಿಟಕಿಗೆ ಬಂದು ಮುಟ್ಟಿದ್ದಳು, ಉಸಿರು ಕೂಡ ಹೆಚ್ಚಿರಲಿಲ್ಲ. ಶೀಸೆ ತೆಗೆದುಕೊಂಡು ಆ ಕೈಗೆ ಎರಡೂ ಶೂ ಇಟ್ಟಳು. ಭಾನುವಾರ ಇದನ್ನೇ ಹಾಕ್ಕೊ ಎಂದಳು. ಬರಿಗಾಲಲ್ಲಿ ಹೋಯ್ತೀಯಾ ಎಂದು ಹುಡುಗಿ ಕೇಳಿದ್ದು ಕೇಳಿಸಿತು, ಆಮೇಲಿನದು ಕೇಳಿಸಲಿಲ್ಲ. ಗರಿ ಶೂಗಳನ್ನು ಎರಡು ಕೈಯಲ್ಲಿ ಹಿಡಿದು, ಏನು ಮಾಡುವುದೆಂದು ತಿಳಿಯದವಳಂತೆ ನಿಂತಿದ್ದವಳು ತಿರುವಿನಲ್ಲಿ ಮರೆಯಾದಳು.

ಎದುರು ಸೀಟಿನ ಹೆಂಗಸು ಕೃಷ್ಣವೇಣಿಯ ಬರಿಗಾಲನ್ನೇ ನೋಡುತ್ತಿದ್ದಳು. ನೋಡಲಿ ಎಂದುಕೊಂಡು ಕಾಲನ್ನು ಒಳಕ್ಕೆ ಎಳೆದುಕೊಳ್ಳಲಿಲ್ಲ. ಶೀಸೆ ಎತ್ತಿ ಸೋಡಾವನ್ನು ಒಂದೇ ಸಲಕ್ಕೆ ಕುಡಿದಳು. ತಣ್ಣಗಿತ್ತು. ಹೊಟ್ಟೆ ಹಾಗೇ ಉರಿಯುತ್ತಿತ್ತು.